ಪಹಣಿಯ ಕಾಲಂ ಮತ್ತು ಊರಿನ ಬಾಯಿಮಾತು: ಬೆಂಗಳೂರಿನ ಹೊರವಲಯದಲ್ಲಿ ಭೂದಾಖಲೆಗಳ ಗಣಕೀಕರಣ

ಕರ್ನಾಟಕದ ವಿದ್ಯುನ್ಮಾನ ಆಡಳಿತವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ‘ಭೂಮಿ’ ಯೋಜನೆಯಿಂದಲೇ ಆರಂಭವಾಗುತ್ತದೆ. 2000ನೆಯ ಇಸವಿಯ ಆಸುಪಾಸಿನಲ್ಲಿ ರಾಜ್ಯದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಅಳವಡಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕಟ್ಟಿದರೆ ಪಹಣಿಯ ಮುದ್ರಿತ ಪ್ರತಿ ಕೈಗೆ ಬರುವಂತಾಯಿತು. ಅಂದಿನಿಂದ ಈ ಯೋಜನೆಯನ್ನು ಆಡಳಿತಗಾರರು, ಅರ್ಥಶಾಸ್ತ್ರಜ್ಞರು, ತಂತ್ರಜ್ಞರು ತಮ್ಮ ತಮ್ಮ ದೃಷ್ಟಿಯಿಂದ ಪರಿಶೀಲಿಸಿದ್ದಾರೆ. ಜಾನಪದ ಅಧ್ಯಯನ ಮಾತ್ರ ಇದು ತನಗೆ ಸಂಬಂಧಿಸಿದ್ದಲ್ಲವೆಂಬಂತೆ ಬಹುಮಟ್ಟಿಗೆ ದೂರ ನಿಂತಿದೆ. ಇದು ಸರಿಯಾದ ನಿಲುವಲ್ಲ. ನೆಲ ಯಾರದು, ಅದರ ಎಲ್ಲೆ ಯಾವುದು, ದಾರಿ ಎಲ್ಲಿದೆ, ನೀರಿನ ಸರದಿ ಯಾರದು ಎಂಬ ತಿಳಿವಳಿಕೆ ನಮ್ಮ ಗ್ರಾಮಗಳಲ್ಲಿ ಶತಮಾನಗಳ ಕಾಲ ಬಾಯಿಮಾತಿನಲ್ಲಿ, ಆಚರಣೆಯಲ್ಲಿ, ನೆನಪಿನಲ್ಲಿ ಉಳಿದು ಬಂದದ್ದು. ಆ ತಿಳಿವಳಿಕೆಯ ಒಂದು ಅಂಶವನ್ನು ಮಾತ್ರ ಆರಿಸಿಕೊಂಡು ಯಂತ್ರಕ್ಕೆ ಒಪ್ಪಿಸಿದಾಗ ಉಳಿದ ಅಂಶ ಏನಾಯಿತು ಎಂಬುದು ಜಾನಪದ ವಿದ್ವಾಂಸರು ಕೇಳಲೇಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ಬೆಂಗಳೂರಿನ ಹೊರವಲಯಕ್ಕಿಂತ ತಕ್ಕ ಕ್ಷೇತ್ರ ದೊರೆಯುವುದು ಕಷ್ಟ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯ ಪ್ರದೇಶಗಳು ಗಣಕತಂತ್ರಜ್ಞಾನ ಮತ್ತು ಕೈಗಾರಿಕೆಗಳಿಗೆ ಹೆಸರಾಗಿವೆ. ಆದರೆ ಆ ಕಟ್ಟಡಗಳ ಕೆಳಗಿರುವ ನೆಲ ಇತ್ತೀಚಿನವರೆಗೂ ರಾಗಿ ಬೆಳೆಯುತ್ತಿದ್ದ ಹೊಲ. ಜಗತ್ತಿನ ಕಚೇರಿಗಳಿಗೆ ತಂತ್ರಾಂಶ ಬರೆದುಕೊಡುವ ಊರುಗಳಲ್ಲೇ, ಸ್ವಂತ ನೆಲದ ದಾಖಲೆಯಲ್ಲಿ ತಾತನ ಹೆಸರು ತಪ್ಪಾಗಿ ಕುಳಿತಿರುವುದನ್ನು ಸರಿಪಡಿಸಲು ವರ್ಷಗಟ್ಟಲೆ ಅಲೆಯುವ ಕುಟುಂಬಗಳೂ ಇವೆ.

ಯಂತ್ರಕ್ಕೆ ಮುನ್ನ

ಎಲ್ಲೆಯ ಅರಿವು ಮೊದಲಿಗೆ ಒಬ್ಬ ವ್ಯಕ್ತಿಯ ದೇಹದಲ್ಲಿ ನೆಲೆಸಿತ್ತು. ಮೈಸೂರು ಸೀಮೆಯ ಹೊಲೆಯ ಸಮುದಾಯದ ಕುಳವಾಡಿಯನ್ನು ಕುರಿತು ಮೆಕೆಂಜಿ ಎಂಬ ಅಧಿಕಾರಿ 1873ರಲ್ಲಿ ‘ಇಂಡಿಯನ್ ಆ್ಯಂಟಿಕ್ವೆರಿ’ ಪತ್ರಿಕೆಯಲ್ಲಿ ಬರೆದ ಟಿಪ್ಪಣಿ ಈ ದೃಷ್ಟಿಯಿಂದ ಅಮೂಲ್ಯವಾದುದು. ಎರಡು ಊರುಗಳ ನಡುವೆ ಗಡಿತಕರಾರು ಬಂದಾಗ ಕುಳವಾಡಿಯು ಊರಿನ ಮಣ್ಣಿನಿಂದ ಮಾಡಿದ, ನಡುವೆ ನೀರು ತುಂಬಿದ ಉಂಡೆಯನ್ನು ತಲೆಯ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೆಯಬೇಕಿತ್ತು. ಆತ ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ಹಾಗೆಯೇ ಉಳಿಯುತ್ತದೆ. ತಪ್ಪಿ ಹೆಜ್ಜೆಯಿಟ್ಟರೂ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನಿಗೆ ಸಾವು ಬರುತ್ತದೆ, ಮನೆ ಹಾಳಾಗುತ್ತದೆ ಎಂಬುದು ನಂಬಿಕೆ. ಊರಿನಲ್ಲಿ ನೆಲದ ಮೇಲೆ ಅತ್ಯಂತ ಕಡಿಮೆ ಹಕ್ಕಿದ್ದ ಸಮುದಾಯದವನ ಮಾತೇ ನೆಲದ ಎಲ್ಲೆಯ ಬಗ್ಗೆ ಕೊನೆಯ ಮಾತಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಇದನ್ನು ಸುವರ್ಣಯುಗವೆಂದು ಬಣ್ಣಿಸುವ ಅಗತ್ಯವಿಲ್ಲ. ಆ ಅಧಿಕಾರದ ಬೆನ್ನಿಗೆ ಸಾವಿನ ಭಯವಿತ್ತು, ಅದನ್ನು ಹೊತ್ತವನ ತಲೆಗೆ ಗೌರವವೇನೂ ಇರಲಿಲ್ಲ. ಆದರೂ ಅದು ಅಧಿಕಾರವೇ ಆಗಿತ್ತು.

ಬರಹದ ದಾಖಲೆಗಳು ಇದಕ್ಕೆ ಸಮಾನಾಂತರವಾಗಿ ಬೆಳೆದವು. ದಾನಶಾಸನಗಳು ದತ್ತಿ ಭೂಮಿಯ ಎಲ್ಲೆಯನ್ನು ಮರ, ಬಂಡೆ, ಕೆರೆಯ ಕೋಡಿ, ಹುತ್ತ ಮುಂತಾದ ಗುರುತುಗಳಿಂದ ಹೇಳಿ, ಕೊನೆಯಲ್ಲಿ ಅಳುಪಿದವರಿಗೆ ಶಾಪ ಹಾಕಿ ಮುಗಿಯುತ್ತಿದ್ದವು. ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳು ಅಕ್ಷರ ಬಾರದವರಿಗೂ ಓದಿಸಿಕೊಳ್ಳುವ ದಾಖಲೆಗಳಾಗಿದ್ದವು. ಲೆಕ್ಕ ಬರೆಯುವವರು ಬಟ್ಟೆಗೆ ಕಪ್ಪು ಲೇಪ ಬಳಿದು ಮಡಿಸಿದ ‘ಕಡತ’ದಲ್ಲಿ ಬಳಪದಿಂದ ಬರೆಯುತ್ತಿದ್ದರು. ಈ ಕಡತ ಎಂಬ ಪದದ ಪಯಣವೇ ಕುತೂಹಲಕರವಾಗಿದೆ. ಬಟ್ಟೆಯ ಪುಸ್ತಕ ಹೋಗಿ ಕಚೇರಿಯ ಕಾಗದದ ಕಟ್ಟಿಗೆ ಆ ಹೆಸರು ಬಂತು, ಈಗ ಕಾಗದವೂ ಹೋಗಿ ‘ಇ-ಕಡತ’ವಾಗಿದೆ. ಹೆಸರು ಮಾತ್ರ ಉಳಿದು ವಸ್ತು ಎರಡು ಬಾರಿ ಬದಲಾಗಿದೆ.

ಅಳತೆಯ ವಿಷಯದಲ್ಲೂ ಇಂಥದೇ ಪಲ್ಲಟ ಸಂಭವಿಸಿತು. ಹಳೆಯ ಮೈಸೂರಿನಲ್ಲಿ ಹೊಲಗದ್ದೆಗಳನ್ನು ಬಿತ್ತನೆಯ ಲೆಕ್ಕದಲ್ಲಿ, ಎಂದರೆ ಇಷ್ಟು ಕೊಳಗ, ಇಷ್ಟು ಖಂಡುಗ ಬೀಜ ಹಿಡಿಯುವ ನೆಲವೆಂದು ಗುರುತಿಸುತ್ತಿದ್ದರು. ಈ ಲೆಕ್ಕದಲ್ಲಿ ನೆಲದ ವಿಸ್ತಾರದ ಜೊತೆಗೆ ಅದರ ಗುಣವೂ ಸೇರಿರುತ್ತಿತ್ತು. 1863ರಲ್ಲಿ ಆರಂಭವಾದ ಕಂದಾಯ ಮೋಜಣಿ ಮುಂಬಯಿ ಪದ್ಧತಿಯನ್ನು ಅನುಸರಿಸಿ 33 ಅಡಿಯ ಸರಪಳಿ, 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕವನ್ನು ತಂದಿತು. ಅದರೊಂದಿಗೆ ಸರ್ವೆ ನಂಬರು ಬಂತು, ಬಾಂದುಕಲ್ಲು ಬಂತು. ಹೊಂಗೆಮರದ ಹೊಲ, ಕಟ್ಟೆ ಕೆಳಗಿನ ಗದ್ದೆ, ಗವಿಬಾಗಿಲ ಮಡಿ ಎಂಬಂಥ ಹೊಲದ ಹೆಸರುಗಳು ಕಾಗದದಿಂದ ಹೊರಗುಳಿದವಾದರೂ ಮಾತಿನಲ್ಲಿ ಉಳಿದವು. ಊರಿನವರಿಗೆ ನಂಬರು ಬೇಕಾಗುತ್ತಿದ್ದುದು ಕಂದಾಯ ಕಟ್ಟುವಾಗ ಮತ್ತು ಕೋರ್ಟಿಗೆ ಹೋಗುವಾಗ ಮಾತ್ರ.

ಈ ಎರಡು ಲೋಕಗಳ ನಡುವೆ ಇದ್ದವನು ಶಾನುಭೋಗ. ಹೊಲದ ಹೆಸರನ್ನು ಕೇಳಿ ನಂಬರು ಹೇಳಬಲ್ಲವನಾದ್ದರಿಂದಲೇ ಅವನು ಊರಿಗೆ ಅನಿವಾರ್ಯನಾಗಿದ್ದ, ಅದೇ ಕಾರಣಕ್ಕೆ ಅಪಾಯಕಾರಿಯೂ ಆಗಿದ್ದ. 1961ರ ಗ್ರಾಮಾಧಿಕಾರ ರದ್ದಿಯಾತಿ ಅಧಿನಿಯಮ 1963ರಲ್ಲಿ ಜಾರಿಗೆ ಬಂದ ಮೇಲೆ ವಂಶಪಾರಂಪರ್ಯದ ಶಾನುಭೋಗ, ಪಟೇಲ, ತೋಟಿ, ತಳವಾರ, ನೀರುಗಂಟಿ ಹುದ್ದೆಗಳು ಹೋಗಿ ಸಂಬಳದ ಗ್ರಾಮ ಲೆಕ್ಕಿಗ ಬಂದ. ಮೂರು ನಾಲ್ಕು ಊರಿಗೊಬ್ಬನಂತೆ ರಾಜ್ಯದಲ್ಲಿ ಸುಮಾರು 9,000 ಮಂದಿ ಇದ್ದ ಈ ನೌಕರರ ಕೈಯಲ್ಲೇ ಗಣಕೀಕರಣದವರೆಗೂ ಪಹಣಿ ಪುಸ್ತಕ ಇತ್ತು. ಇತ್ತೀಚೆಗೆ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೊಸ ಪದನಾಮ ದೊರೆತಿದೆ.

‘ಭೂಮಿ’ಯ ಕೆಲಸ

ಕೈಬರಹದ ಪಹಣಿಯನ್ನು ರದ್ದುಪಡಿಸಿ, ಯಂತ್ರ ಮುದ್ರಿಸಿದ ಪ್ರತಿಗೆ ಮಾತ್ರ ಮಾನ್ಯತೆ ಕೊಟ್ಟದ್ದು ‘ಭೂಮಿ’ಯ ನಿರ್ಣಾಯಕ ಹೆಜ್ಜೆ. ಖಾತೆ ಬದಲಾವಣೆಯ ಅರ್ಜಿಗೆ ಯಂತ್ರವೇ ಸ್ವೀಕೃತಿ ಕೊಡುತ್ತದೆ, ಅರ್ಜಿಗಳು ಬಂದ ಸರದಿಯಲ್ಲಿಯೇ ಸಾಗಬೇಕು, ತಕರಾರಿಗೆ 30 ದಿನಗಳ ಅವಕಾಶ ಇರಬೇಕು, ದಾಖಲೆ ತಿದ್ದುವ ನೌಕರ ತನ್ನ ಬೆರಳಚ್ಚು ಒತ್ತಿಯೇ ಒಳಹೋಗಬೇಕು ಎಂಬ ಏರ್ಪಾಡುಗಳು ಬಂದವು. ಪಹಣಿಗಾಗಿ ಲೆಕ್ಕಿಗನ ಮನೆ ಬಾಗಿಲಲ್ಲಿ ಕಾಯುವ ಪದ್ಧತಿ ಕೊನೆಗೊಂಡಿತು. ಇದು ಸಣ್ಣ ಬದಲಾವಣೆಯಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಹಳೆಯ ವ್ಯವಸ್ಥೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ಲಂಚ ಕೊಟ್ಟಿದ್ದರೆ, ‘ಭೂಮಿ’ ಕೇಂದ್ರಗಳಲ್ಲಿ ಆ ಪ್ರಮಾಣ ಶೇಕಡ 3ಕ್ಕೆ ಇಳಿದಿತ್ತು. 2003ರ ವೇಳೆಗೆ ನೋಂದಣಿ ಕಚೇರಿಗಳಿಗೆ ‘ಕಾವೇರಿ’ ಬಂತು. 2005ರ ಏಪ್ರಿಲ್‌ನಲ್ಲಿ ‘ಬೆಂಗಳೂರು ಒನ್’, 2006ರಲ್ಲಿ ಹೋಬಳಿ ಮಟ್ಟದ ‘ನೆಮ್ಮದಿ’ ಕೇಂದ್ರಗಳು, 2012ರಲ್ಲಿ ಕಾಲಮಿತಿಯ ‘ಸಕಾಲ’ ಮತ್ತು ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, 2023ರಲ್ಲಿ ‘ಕಾವೇರಿ 2.0’ ಹೀಗೆ ಸರಣಿ ಮುಂದುವರಿಯಿತು. ಇವುಗಳ ವಿವರಕ್ಕೆ ಇಲ್ಲಿ ಹೋಗಬೇಕಾಗಿಲ್ಲ. ಇವೆಲ್ಲಕ್ಕೂ ತಳಹದಿಯಾಗಿರುವ ಪಹಣಿಯನ್ನೇ ತುಸು ಹತ್ತಿರದಿಂದ ನೋಡಬಹುದು.

ಪಹಣಿ ಎಂಬ ಪದ ಮರಾಠಿಯಿಂದ ಬಂದುದು. ನೋಡುವುದು, ಪರಿಶೀಲಿಸುವುದು ಎಂದು ಅದರ ಮೂಲಾರ್ಥ. ಲೆಕ್ಕಿಗ ಹೊಲಕ್ಕೆ ಹೋಗಿ ನಿಂತು ಬೆಳೆ ನೋಡಿ ಬರೆಯಬೇಕೆಂಬುದು ಹೆಸರಿನಲ್ಲೇ ಅಡಗಿದೆ. ಫಾರಂ 16 ಎಂದು ಕರೆಯಲಾಗುವ ಈ ಪತ್ರಿಕೆಯಲ್ಲಿ ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಖರಾಬು, ಕಂದಾಯ, ಮಣ್ಣಿನ ನಮೂನೆ, ಮರಗಳು, ನೀರಾವರಿ ಇತ್ಯಾದಿ ಕಾಲಂಗಳಿವೆ. 9ನೆಯ ಕಾಲಂನಲ್ಲಿ ಸ್ವಾಧೀನದಾರನ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿದಾರನ ವಿವರ ಇರುತ್ತದೆ. ಕೈಬರಹದ ಪುಸ್ತಕದಲ್ಲಿ ಈ ಕಾಲಂಗಳ ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿಗಳು, ಅಡ್ಡಗೆರೆಗಳು, ಸಣ್ಣ ಅಕ್ಷರದ ಷರಾಗಳು ಇರುತ್ತಿದ್ದವು. ಅವುಗಳಲ್ಲಿ ವಂಚನೆಯೂ ಇತ್ತು, ಸತ್ಯವೂ ಇತ್ತು. ಯಂತ್ರಕ್ಕೆ ಅಂಚು ಎಂಬುದಿಲ್ಲ. ಕಾಲಂನೊಳಗೆ ಬಂದದ್ದು ದಾಖಲೆ, ಹೊರಗೆ ಉಳಿದದ್ದು ಬರಿಯ ಮಾತು.

ಹೆಸರಿನ ಕಾಲಂ ಇದಕ್ಕೆ ಒಳ್ಳೆಯ ನಿದರ್ಶನ. ಹಳೆಯ ಮೈಸೂರಿನ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರನ್ನೂ, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರನ್ನೂ ಬರೆಯುವ ರೂಢಿ ಇದೆ. ಬೆಂಗಳೂರಿನ ಪೂರ್ವ ಮತ್ತು ದಕ್ಷಿಣದ ಊರುಗಳಲ್ಲಿ ಮುನಿಯಪ್ಪ, ಮುನಿಯಮ್ಮ, ಪಿಳ್ಳಪ್ಪ, ಯಲ್ಲಪ್ಪ, ಮುನಿಸ್ವಾಮಿ ಮೊದಲಾದ ಹೆಸರುಗಳು ಅತಿ ಸಾಮಾನ್ಯ. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯಿಂದಾಗಿ ‘ಮುನಿಯಪ್ಪ ಬಿನ್ ಯಲ್ಲಪ್ಪ’ ಎಂಬ ಹೆಸರು ಒಂದೇ ಮನೆತನದಲ್ಲಿ ಒಂದು ತಲೆಮಾರು ಬಿಟ್ಟು ಮತ್ತೆ ಮತ್ತೆ ಬರುತ್ತದೆ. ಊರಿಗೆ ಇದು ತೊಡಕಲ್ಲ. ಗಡ್ಡದ ಮುನಿಯಪ್ಪ, ಮೂಲೆಮನೆ ಮುನಿಯಪ್ಪ, ಗಾಡಿ ಮುನಿಯಪ್ಪ ಎಂದು ಅಡ್ಡಹೆಸರು ಹಿಡಿದು ಕರೆದರೆ ಗೊಂದಲ ತೀರುತ್ತದೆ. ಕೈಬರಹದ ದಾಖಲೆಯೂ ‘ಉರುಫ್’ ಎಂಬ ಪದದ ಮೂಲಕ ಅಡ್ಡಹೆಸರಿಗೆ ಒಂದು ಕಿಂಡಿ ಬಿಟ್ಟಿತ್ತು. ದತ್ತಾಂಶ ತುಂಬುವಾಗ ಊರು ಕಾಣದವರು ಕುಳಿತು ಪುಸ್ತಕ ನೋಡಿ ಅಕ್ಷರ ಒತ್ತಿದರು. ಚಿಕ್ಕಮುನಿಯಪ್ಪನ ಚಿಕ್ಕ ಬಿದ್ದುಹೋಯಿತು, ಉರುಫ್ ಮುಂದಿನ ಹೆಸರು ಬೇರೆ ಖಾತೆದಾರನಾಗಿ ಎದ್ದು ನಿಂತಿತು, ಒಂದು ಗುಂಟೆಯ ಮುಂದಿನ ಸೊನ್ನೆ ಹತ್ತು ಗುಂಟೆ ಮಾಡಿತು. ಇವನ್ನು ತಿದ್ದಿಸಲು ತಹಶೀಲ್ದಾರರಿಂದ ಉಪವಿಭಾಗಾಧಿಕಾರಿಯವರೆಗೆ ಹೋಗಬೇಕು. ಹಿಂದೆ ತಪ್ಪು ಮಾಡಿದವನ ಮುಖ ಊರಿಗೆ ಗೊತ್ತಿತ್ತು, ಜಗಳವಾಡಬಹುದಿತ್ತು. ಈಗ ತಪ್ಪಿಗೆ ಮುಖವಿಲ್ಲ. ಆಧಾರ್ ಜೋಡಣೆ ಬಂದಮೇಲೆ ಕನ್ನಡದಲ್ಲಿ ಒಂದು, ಇಂಗ್ಲಿಷ್ ಕಾಗುಣಿತದಲ್ಲಿ ಇನ್ನೊಂದು ಎಂಬ ಹೊಸ ಬಿಕ್ಕಟ್ಟೂ ಸೇರಿಕೊಂಡಿದೆ.

ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ

1978ರಲ್ಲಿ ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದಾಗ ಆ ಪ್ರದೇಶ ನಗರದಿಂದ ದೂರದ ಹಳ್ಳಿಗಾಡು. ಎರಡು ದಶಕ ಕಳೆಯುವುದರೊಳಗೆ ನೆಲದ ಬೆಲೆ ಊರಿನವರ ಎಣಿಕೆಗೆ ಸಿಗದಷ್ಟು ಏರಿತು. ‘ಭೂಮಿ’ ಬಂದದ್ದು ಸರಿಯಾಗಿ ಆ ಹೊತ್ತಿಗೆ. ಈ ಕಾಲಸಂಯೋಗವನ್ನು ಮರೆತು ಯೋಜನೆಯ ಫಲಿತಾಂಶವನ್ನು ಅಳೆಯುವಂತಿಲ್ಲ. ದೂರದ ತಾಲ್ಲೂಕಿನಲ್ಲಿ ಪಹಣಿ ಎಂದರೆ ಬೆಳೆಸಾಲಕ್ಕೆ ಬೇಕಾದ ಕಾಗದ. ಇಲ್ಲಿ ಅದು ಕೋಟಿ ರೂಪಾಯಿಯ ವ್ಯವಹಾರಕ್ಕೆ ಹೆಬ್ಬಾಗಿಲು.

2007ರಲ್ಲಿ ಸಾಲೊಮನ್ ಬೆಂಜಮಿನ್, ಆರ್. ಭುವನೇಶ್ವರಿ, ಪಿ. ರಾಜನ್ ಮತ್ತು ಮಂಜುನಾಥ ಅವರು ‘ಭೂಮಿ’ಯನ್ನು ಕುರಿತು ಪ್ರಕಟಿಸಿದ ಪ್ರಬಂಧ ಇದೇ ನೆಲೆಯ ವಿಮರ್ಶೆ. ದಾಖಲೆಗಳು ಒಂದೆಡೆ ಕೇಂದ್ರೀಕೃತವಾದದ್ದರಿಂದ ಬೆಂಗಳೂರಿನ ಅಂಚಿನಲ್ಲಿ ಭಾರಿ ಪ್ರಮಾಣದ ಭೂಮಿ ಕೊಳ್ಳುವವರಿಗೆ ಮಾರ್ಗ ಸುಗಮವಾಯಿತು, ಸಣ್ಣ ರೈತರಿಗೆ ಲಂಚವೂ ಕಾಲವ್ಯಯವೂ ಕಡಿಮೆಯಾಗಲಿಲ್ಲ, ಹೆಚ್ಚಿತು ಎಂಬುದು ಆ ವಿದ್ವಾಂಸರ ವಾದ. 2002ರ ಸಮೀಕ್ಷೆಯ ನಿರ್ಣಯಕ್ಕೂ ಇದಕ್ಕೂ ವಿರೋಧವಿರುವಂತೆ ತೋರುತ್ತದೆ. ಆದರೆ ಪಹಣಿಯ ನಕಲು ಪಡೆಯುವುದು ಒಂದು ಕೆಲಸ, ಪಹಣಿಯಲ್ಲಿರುವುದನ್ನು ಬದಲಾಯಿಸುವುದು ಇನ್ನೊಂದು. ಮೊದಲನೆಯದು ಸುಲಭವಾದದ್ದೂ ಸತ್ಯ, ಎರಡನೆಯದು ಊರಿನ ಕೈತಪ್ಪಿ ತಾಲ್ಲೂಕಿನ ಕಿಟಕಿಯಾಚೆಗೆ ಹೋದದ್ದೂ ಸತ್ಯ. ಕೊಳ್ಳುವವನಿಗೆ ಮೊದಲನೆಯದು ಸಾಕು. ಮನೆತನದ ಪಾಲು ಸರಿಮಾಡಿಸಿಕೊಳ್ಳಬೇಕಾದವನಿಗೆ ಬೇಕಾದುದು ಎರಡನೆಯದು.

ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು 1966ರ ತನ್ನ ಅಧಿನಿಯಮದ 28ನೆಯ ಕಲಮಿನಂತೆ ಭೂಸ್ವಾಧೀನದ ಅಧಿಸೂಚನೆ ಹೊರಡಿಸುವಾಗ ಸರ್ವೆ ನಂಬರಿನ ಎದುರು ದಾಖಲೆಯಲ್ಲಿರುವ ಹೆಸರನ್ನೇ ಪ್ರಕಟಿಸುತ್ತದೆ. ಆ ಹೆಸರು ಎಷ್ಟೋ ವೇಳೆ ಸತ್ತ ಹಿರಿಯನದು. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಬದುವಿಗೆ ಕಲ್ಲು ನೆಟ್ಟು, ಪಂಚರ ಎದುರು ಎಲೆಅಡಿಕೆ ಹಂಚಿ ಮುಗಿಸಿದ ವಿಭಾಗಗಳು ಈ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟಿವೆ. ಪೌತಿ ಖಾತೆ ಮಾಡಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಆಂದೋಲನ ನಡೆದಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ದಾಖಲೆಗಳು ಮೃತರ ಹೆಸರಿನಲ್ಲೇ ಇರುವುದು ಬೆಳಕಿಗೆ ಬಂತು. ಆಡಳಿತದ ಕಣ್ಣಿಗೆ ಇದು ಜನರ ಅಸಡ್ಡೆಯಾಗಿ ಕಾಣಬಹುದು. ವಾಸ್ತವದಲ್ಲಿ ಇದು ಬಾಯಿಮಾತಿನ ಒಡಂಬಡಿಕೆ ಎಷ್ಟು ಗಟ್ಟಿಯಾಗಿತ್ತು ಎಂಬುದರ ಸಾಕ್ಷಿ. ಬೆಲೆ ಏರುವವರೆಗೆ ಅದು ಗಟ್ಟಿಯಾಗಿತ್ತು ಎಂದು ಸೇರಿಸಬೇಕಷ್ಟೆ.

ಮೃತನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ತರಲು ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಪ್ರಮಾಣಪತ್ರ ಸಲ್ಲಿಸಿ, ಸ್ಥಳ ಮಹಜರು ನಡೆದು, ಕೊನೆಗೆ ಗಣಕೀಕೃತ ಸಹಿಯ ಕಾಗದ ಬರುತ್ತದೆ. ವಂಶವನ್ನು ದಾಖಲಿಸುವ ಕೆಲಸ ಕರ್ನಾಟಕದಲ್ಲಿ ಹೊಸದಲ್ಲ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಒಕ್ಕಲು ಮನೆಗಳಿಗೆ ಬಂದು ಬೆಡಗು, ಮೂಲದ ಊರು, ಮನೆದೇವರು, ತಲೆಮಾರುಗಳ ಹೆಸರು ಹೇಳಿ ದವಸ ಪಡೆಯುವ ಹೆಳವರು ಇದೇ ಕಾಯಕದವರು. ಅವರಲ್ಲಿ ಹಲವರು ಪುಸ್ತಕಗಳನ್ನೂ ಇಟ್ಟುಕೊಂಡು, ಮನೆಯಲ್ಲಿ ಹುಟ್ಟಿದ ಹೊಸ ಮಕ್ಕಳ ಹೆಸರನ್ನು ಸೇರಿಸಿಕೊಳ್ಳುತ್ತ ಬಂದಿದ್ದಾರೆ. ಹೆಳವರ ವಂಶಾವಳಿಗೂ ನಾಡಕಚೇರಿಯ ವಂಶವೃಕ್ಷಕ್ಕೂ ಇರುವ ವ್ಯತ್ಯಾಸ ಮೌಖಿಕ, ಲಿಖಿತ ಎಂಬುದಲ್ಲ. ಒಂದು ಮನೆತನ ಎಲ್ಲಿಂದ ಬಂತು ಎಂದು ಹೇಳುತ್ತದೆ, ಇನ್ನೊಂದು ಆಸ್ತಿ ಎಲ್ಲಿಗೆ ಹೋಗಬೇಕು ಎಂದು ಹೇಳುತ್ತದೆ. ಹೆಳವ ಕೀರ್ತಿಗಾಗಿ ಹೆಸರುಗಳನ್ನು ಹೆಚ್ಚಿಸಬಲ್ಲ. ವಂಶವೃಕ್ಷದ ಅರ್ಜಿದಾರ ಪಾಲಿಗಾಗಿ ಹೆಸರುಗಳನ್ನು ಕಡಿಮೆ ಮಾಡಬಲ್ಲ.

ಹಾಗೆ ಕಡಿಮೆಯಾಗುವ ಹೆಸರು ಹೆಚ್ಚಾಗಿ ಹೆಣ್ಣುಮಕ್ಕಳದು. ಕರ್ನಾಟಕದ ತಿದ್ದುಪಡಿ 1994ರಲ್ಲೇ, ಕೇಂದ್ರದ ತಿದ್ದುಪಡಿ 2005ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿವೆ. ತವರಿನ ಬಾಂಧವ್ಯ ಕೆಡದಿರಲೆಂದು ಹಕ್ಕು ಬಿಟ್ಟುಕೊಡುವುದು, ಬದಲಿಗೆ ಹಬ್ಬಹುಣ್ಣಿಮೆಗೆ ಬಾಗಿನ, ಬಾಣಂತನ, ಮಕ್ಕಳ ಮದುವೆಗೆ ಸೋದರಮಾವನ ಉಡುಗೊರೆ ಪಡೆಯುವುದು ಇಲ್ಲಿನ ಒಕ್ಕಲುತನದ ಅಲಿಖಿತ ಒಪ್ಪಂದವಾಗಿತ್ತು. ರಾಗಿ ಹೊಲದ ಕಾಲದಲ್ಲಿ ಆ ಒಪ್ಪಂದ ಹೇಗೋ ನಡೆಯಿತು. ಹೊಲ ಕೋಟಿಗೆ ಮಾರಾಟವಾಗಿ, ಬಾಗಿನ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿದಾಗ ಅಕ್ಕತಂಗಿಯರು ನ್ಯಾಯಾಲಯಕ್ಕೆ ಹೋದರು. ಪಹಣಿಯಲ್ಲಿ ಅವರ ಹೆಸರು ಎಂದೂ ಇರಲಿಲ್ಲವಾದ್ದರಿಂದ ಕೊಂಡವನು ನೋಡಿದ ಕಾಗದದಲ್ಲಿ ಅವರು ಇರಲೇ ಇಲ್ಲ. ಯಂತ್ರ ಈ ಅನ್ಯಾಯವನ್ನು ಸೃಷ್ಟಿಸಲಿಲ್ಲ, ಇದ್ದುದನ್ನು ಅಚ್ಚುಕಟ್ಟಾಗಿ ಮುದ್ರಿಸಿತು. ಹಾಗೆ ಮುದ್ರಿಸಿದ್ದಕ್ಕೆ ಹಳೆಯ ಕೈಬರಹಕ್ಕಿಲ್ಲದ ಪ್ರಾಮಾಣ್ಯ ಬಂತು. ಸರ್ಕಾರದಿಂದ ಮಂಜೂರಾದ ಪರಿಶಿಷ್ಟರ ಜಮೀನುಗಳ ವಿಷಯವೂ ಹೀಗೆಯೇ. 1978ರ ಅಧಿನಿಯಮದ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಮಂಜೂರಾತಿಯ ಷರತ್ತು ಪಹಣಿಯಲ್ಲಿ ಕಾಣದೆಹೋದರೆ ಆ ರಕ್ಷಣೆ ತೋರುವ ಗುರುತೇ ಇರುವುದಿಲ್ಲ. ಗಡಿಯುದ್ದಕ್ಕೂ ಮಣ್ಣುಂಡೆ ಹೊತ್ತು ನಡೆದ ಕುಳವಾಡಿಯ ಮೊಮ್ಮಕ್ಕಳು ತಮ್ಮ ನೆಲ ತಮ್ಮದೆಂದು ತೋರಿಸಲು ಕಾಗದ ಹುಡುಕಬೇಕಾಗಿದೆ.

ಸಾಮುದಾಯಿಕ ನೆಲದ ಕಥೆ ಇದಕ್ಕಿಂತ ದೊಡ್ಡದು. ಗೋಮಾಳ, ಗುಂಡುತೋಪು, ಕೆರೆಯಂಗಳ, ಸ್ಮಶಾನ, ಬಂಡಿದಾರಿ ಇವುಗಳಲ್ಲಿ ಕೆಲವಕ್ಕೆ ಸ್ವಂತ ಸರ್ವೆ ನಂಬರು ಇದ್ದರೆ, ಕೆಲವು ಇತರರ ಹಿಡುವಳಿಯೊಳಗೆ ‘ಬ ಖರಾಬು’ ಆಗಿ ಒಂದೆರಡು ಗುಂಟೆಯ ಅಂಕಿಯಾಗಿವೆ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಒತ್ತುವರಿಯನ್ನು ಪರಿಶೀಲಿಸಿದ ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿಯ ವರದಿಯಲ್ಲೂ, ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆಯ 2011ರ ವರದಿಯಲ್ಲೂ ಈ ಬಗೆಯ ನೆಲಗಳೇ ಹೆಚ್ಚು ಕಾಣಿಸಿಕೊಂಡದ್ದು ಆಕಸ್ಮಿಕವಲ್ಲ. ಅವಕ್ಕೆ ಕಾಲಂ 9ರಲ್ಲಿ ಹೆಸರಿನ ಒಡೆಯನಿಲ್ಲ, ಕೇಳುವವರು ಊರವರು. ಊರೇ ಚದುರಿದಾಗ ಕೇಳುವವರೂ ಇಲ್ಲ.

ಇಲ್ಲಿ ಹುಸ್ಕೂರು ಮದ್ದೂರಮ್ಮನ ಜಾತ್ರೆಯನ್ನು ನೆನೆಯಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಕೂಗಳತೆಯಲ್ಲಿರುವ ಆನೇಕಲ್ ತಾಲ್ಲೂಕಿನ ಈ ಜಾತ್ರೆಗೆ ಸುತ್ತಲ ಊರುಗಳು ತಮ್ಮ ತಮ್ಮ ಎತ್ತರದ ಕುರ್ಜುಗಳನ್ನು, ಎಂದರೆ ತೇರುಗಳನ್ನು, ಕಟ್ಟಿ ಎತ್ತುಗಳಿಂದಲೂ ಟ್ರ್ಯಾಕ್ಟರುಗಳಿಂದಲೂ ಎಳೆದು ತರುತ್ತವೆ. ನೂರಡಿಗೂ ಮೀರಿದ ತೇರುಗಳು 2024ರಲ್ಲಿಯೂ 2025ರಲ್ಲಿಯೂ ಉರುಳಿದವು, ಎರಡನೆಯ ಬಾರಿ ಪ್ರಾಣಹಾನಿಯೂ ಆಯಿತು. ಕೊಯ್ಲಾದ ಹೊಲಗಳ ಮೇಲೆ ತೇರು ಸಾಗುವುದು ಊರೂರಿನ ನಡುವಣ ಒಪ್ಪಿಗೆ. ಆ ದಾರಿ ನಕ್ಷೆಯಲ್ಲಿ ಚುಕ್ಕಿಗೆರೆಯಾಗಿಯೂ ಇಲ್ಲ, ಪಹಣಿಯ ಯಾವ ಕಾಲಂನಲ್ಲೂ ಇಲ್ಲ. ಹೊಲ ಬಡಾವಣೆಯಾಗಿ ಕಾಂಪೌಂಡು ಎದ್ದರೆ, ತೇರಿಗೆ ಆ ದಾರಿ ಇತ್ತೆಂದು ಕೇಳಲು ಯಾವ ಕಿಟಕಿಗೂ ಅರ್ಜಿ ಹಾಕುವಂತಿಲ್ಲ.

ವೈಟ್‌ಫೀಲ್ಡ್, ಪೀಣ್ಯ

1882ರಲ್ಲಿ ಡಿ.ಎಸ್. ವೈಟ್ ಅವರ ಯತ್ನದಿಂದ, ಚಾಮರಾಜ ಒಡೆಯರ ಕಾಲದಲ್ಲಿ ದೊರೆತ ಭೂಮಿಯಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ವಸತಿಯಾಗಿ ವೈಟ್‌ಫೀಲ್ಡ್ ಹುಟ್ಟಿತು. ಇಂದು ಆ ಹೆಸರು ಪಟ್ಟಂದೂರು ಅಗ್ರಹಾರ, ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ ಮೊದಲಾದ ಹಲವು ಗ್ರಾಮಗಳನ್ನು ನುಂಗಿ ನಿಂತಿದೆ. ಇಲ್ಲಿನ ಸಮಸ್ಯೆ ಬೇರೆ ಬಗೆಯದು. ಕೃಷಿ ಜಮೀನನ್ನು ಭೂಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರಿದ ‘ರೆವಿನ್ಯೂ ಸೈಟು’ಗಳಲ್ಲಿ ಮನೆಗಳೆದ್ದಿವೆ. ನೆಲದ ಮೇಲೆ ಎರಡು ಸಾಲು ಮನೆಗಳಿದ್ದರೂ ಪಹಣಿಯಲ್ಲಿ ಮೂಲ ರೈತನ ಹೆಸರು ಹಾಗೆಯೇ ಇರುವುದುಂಟು. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಮೇಲೆ ಇಂಥ ಆಸ್ತಿಗಳು ‘ಬಿ’ ವಹಿಗೆ ಸೇರಿದವು. ತೆರಿಗೆ ವಸೂಲಿಗಾಗಿ ಇಟ್ಟ ಆ ವಹಿಗೆ ಜನ ‘ಬಿ ಖಾತೆ’ ಎಂದು ಹೆಸರಿಟ್ಟರು. ವಹಿಯ ಹೆಸರು ಹೋಗಿ ಜನರ ಹೆಸರೇ ಆಡಳಿತದ ಭಾಷೆಗೂ ಬಂತು. 2024ರ ಅಕ್ಟೋಬರಿನಿಂದ ನಗರದಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2025ರಲ್ಲಿ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರಪಾಲಿಕೆಗಳೂ ಬಂದವು.

ಇದೇ ಪ್ರದೇಶದಲ್ಲಿ ಯಂತ್ರ ಅನಿರೀಕ್ಷಿತವಾದ ಒಂದು ಉಪಕಾರವನ್ನೂ ಮಾಡಿದೆ. ಭೂಮಾಪನ ಇಲಾಖೆಯ ‘ದಿಶಾಂಕ್’ ತಂತ್ರಾಂಶವನ್ನು ಮೊಬೈಲಿನಲ್ಲಿ ತೆರೆದು ನಿಂತರೆ ಕಾಲಡಿಯ ನೆಲದ ಸರ್ವೆ ನಂಬರು, ಗ್ರಾಮ, ಹೋಬಳಿ ಕಾಣುತ್ತವೆ. ಹಳೆಯ ಗ್ರಾಮನಕ್ಷೆಯ ಹಳ್ಳ, ಕೆರೆ, ದಾರಿಗಳೂ ಕಾಣುತ್ತವೆ. ಬಡಾವಣೆಗೆ ಕೊಟ್ಟ ಇಂಗ್ಲಿಷ್ ಹೆಸರು ಅಲ್ಲಿಲ್ಲ. ಸ್ಥಳನಾಮ ಅಧ್ಯಯನಕಾರರಿಗೆ ಇದು ಗಮನಾರ್ಹ. ಬಸ್ ನಿಲ್ದಾಣದಿಂದಲೂ ಅಂಗಡಿ ಬೋರ್ಡಿನಿಂದಲೂ ಅಳಿದ ಗ್ರಾಮದ ಹೆಸರನ್ನು ಪಹಣಿಯ ತಲೆಬರಹ ಉಳಿಸಿಕೊಂಡಿದೆ. ಜನವಸತಿ ಇಲ್ಲದ ಗ್ರಾಮವನ್ನು ಕಂದಾಯ ಇಲಾಖೆ ‘ಬೇಚರಾಕ್’ ಎನ್ನುತ್ತದೆ. ದೀಪವಿಲ್ಲದ್ದು ಎಂಬ ಅರ್ಥದ ಪಾರಸಿ ಮೂಲದ ಪದವಿದು. ಮನೆಯಿಲ್ಲದಿದ್ದರೂ ಗ್ರಾಮವಾಗಿ ಉಳಿಯುವ ಬೇಚರಾಕ್ ಒಂದು ಕಡೆ, ದೀಪಗಳು ಕಿಕ್ಕಿರಿದಿದ್ದರೂ ಗ್ರಾಮವಾಗಿ ಉಳಿಯದ ವೈಟ್‌ಫೀಲ್ಡಿನ ಹಳ್ಳಿಗಳು ಇನ್ನೊಂದು ಕಡೆ.

ಪೀಣ್ಯದಲ್ಲಿ ಚಿತ್ರ ತಿರುವುಮುರುವಾಗುತ್ತದೆ. 1970ರ ದಶಕದಿಂದ ಬೆಳೆದ ಈ ಕೈಗಾರಿಕಾ ಪ್ರದೇಶದ ಲೇತು, ಪ್ರೆಸ್ಸುಗಳ ಮುಂದೆ ದುಡಿಯುವವರಲ್ಲಿ ಅನೇಕರು ಬೇರೆ ಜಿಲ್ಲೆಗಳಿಂದ ಬಂದವರು. ಅವರ ನೆಲ ಬಿಟ್ಟುಬಂದ ಊರಿನಲ್ಲಿದೆ. ಸಾಲಕ್ಕೋ ಬೆಳೆವಿಮೆಗೋ ಪಹಣಿ ಬೇಕಾದಾಗ ಹಿಂದೆ ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು, ಲೆಕ್ಕಿಗ ಸಿಗದಿದ್ದರೆ ಇನ್ನೊಂದು ದಿನ ಕಾದು, ಕೂಲಿ ಕಳೆದುಕೊಂಡು ಬರಬೇಕಿತ್ತು. ಈಗ ಪಾಳಿ ಮುಗಿಸಿ ರಸ್ತೆಬದಿಯ ಜೆರಾಕ್ಸ್ ಅಂಗಡಿಯಲ್ಲಿ ಸರ್ವೆ ನಂಬರು ಹೇಳಿದರೆ ಹಾಳೆ ಬರುತ್ತದೆ. ಜಾತಿ, ಆದಾಯ ಪ್ರಮಾಣಪತ್ರಗಳದೂ ಅದೇ ಕಥೆ. ಮಕ್ಕಳ ಶಾಲೆಗೆ ಬೇಕಾದ ‘ಆರ್‌ಡಿ ನಂಬರ್’ ಎಂಬ ಮಾತು ಓದುಬರಹ ಬಾರದ ತಾಯಂದಿರ ಬಾಯಲ್ಲೂ ಇದೆ. ಬೆಂಗಳೂರಿನ ಅಂಚಿನಲ್ಲಿ ನೆಲ ಕಳೆದುಕೊಂಡವರ ಅನುಭವವನ್ನು ಮಾತ್ರ ಹಿಡಿದು ಯಂತ್ರವನ್ನು ದೂಷಿಸುವವರು ಈ ಕಾರ್ಮಿಕರ ಉಳಿದ ಎರಡು ದಿನದ ಕೂಲಿಯನ್ನೂ ಲೆಕ್ಕಕ್ಕೆ ತರಬೇಕು.

ಜೆರಾಕ್ಸ್ ಅಂಗಡಿಯೇ ಇಂದಿನ ಶಾನುಭೋಗನ ಜಗಲಿ ಎಂದರೆ ಅತಿಶಯವಲ್ಲ. ಕಚೇರಿಯ ಮುಂದಿನ ಅರ್ಜಿ ಬರೆಯುವವರ, ಪತ್ರಬರಹಗಾರರ ಕಸುಬು ಅಲ್ಲಿಗೆ ಸರಿದಿದೆ. ಅಲ್ಲಿ ಹುಟ್ಟಿರುವ ನುಡಿಗಟ್ಟುಗಳನ್ನು ಯಾರಾದರೂ ಸಂಗ್ರಹಿಸಬೇಕಾಗಿದೆ. ‘ಫೈಲು ತಹಶೀಲ್ದಾರರ ಲಾಗಿನ್‌ನಲ್ಲಿ ಕೂತಿದೆ’, ‘ನಂಬರು ಬ್ಲಾಕ್ ಆಗಿದೆ’, ‘ಸರ್ವರ್ ಬಿದ್ದಿದೆ, ನಾಳೆ ಏಳುತ್ತೆ’ ಎಂಬ ಮಾತುಗಳಲ್ಲಿ ಯಂತ್ರ ಒಂದು ಜೀವಿಯಾಗಿದೆ. ಅದಕ್ಕೆ ಬೀಳುವುದು ಏಳುವುದು ಇದೆ, ಹೊತ್ತುಗೊತ್ತಿದೆ. ಬೆಳಗ್ಗೆ ಬೇಗ ಹೋದರೆ ಸರ್ವರ್ ಚೆನ್ನಾಗಿರುತ್ತದೆ ಎಂಬ ಸಲಹೆ ಶುಭಮುಹೂರ್ತದಷ್ಟೇ ಗಂಭೀರವಾಗಿ ಸಾಗುತ್ತದೆ. ನೌಕರನಿಗೂ ಇದು ಅನುಕೂಲ. ‘ನಾನು ಮಾಡಿಕೊಡುವುದಿಲ್ಲ’ ಎಂದು ಹೇಳಬೇಕಾದ ಕಡೆ ‘ಸರ್ವರ್ ತೆಗೆದುಕೊಳ್ಳುತ್ತಿಲ್ಲ’ ಎಂದರೆ ಸಾಕು. ‘ಸಕಾಲ’ದ ನಿಯಮದಂತೆ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ನಾಗರಿಕನಿಗಿದೆ. ಸರ್ವರಿನ ವಿರುದ್ಧ ಅದನ್ನು ಕೇಳುವವರು ವಿರಳ.

ಇಷ್ಟೆಲ್ಲ ಆದರೂ ಕ್ರಯಪತ್ರದ ಒಂದು ಭಾಗ ಮಾತ್ರ ಯಂತ್ರಕ್ಕೆ ಪೂರ್ತಿ ಮಣಿದಿಲ್ಲ. ಅದು ಚೆಕ್ಕುಬಂದಿ. ಸರ್ವೆ ನಂಬರು, ಹಿಸ್ಸೆ, 11ಇ ನಕ್ಷೆ, ಇ-ಖಾತೆಯ ಸಂಖ್ಯೆ, ಅಕ್ಷಾಂಶ ರೇಖಾಂಶ ಎಲ್ಲ ಬರೆದ ಮೇಲೂ ಷೆಡ್ಯೂಲಿನಲ್ಲಿ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಏನಿದೆ ಎಂದು ಮಾತಿನಲ್ಲಿ ಹೇಳಲೇಬೇಕು. ದಾನಶಾಸನ ಮಾಡುತ್ತಿದ್ದುದು ಇದನ್ನೇ. ಬಡಾವಣೆಯ ಪತ್ರಗಳಲ್ಲಿ ಇಲ್ಲಿ ನಿವೇಶನದ ಸಂಖ್ಯೆಯೋ ರಸ್ತೆಯೋ ಬಂದು ಮುಗಿಯುತ್ತದೆ. ಆನೇಕಲ್ ಕಡೆಯ ಹೊಲದ ಪತ್ರವಾದರೆ ಅಂಗಡಿಯ ಹುಡುಗ ಮಾರುವವನ ಮುಖ ನೋಡಿ ಕೇಳುತ್ತಾನೆ. ಪೂರ್ವಕ್ಕೆ ದಾಯಾದಿಯ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಗುಂಡುತೋಪು, ದಕ್ಷಿಣಕ್ಕೆ ಕೆರೆಯ ಕಟ್ಟೆ ಎಂದು ಮಾರುವವನು ಹೇಳುತ್ತಾನೆ. ಗುಂಡುತೋಪಿನ ಮರಗಳು ಹೋಗಿ ಎಷ್ಟೋ ವರ್ಷವಾಗಿರಬಹುದು. ಹುಡುಗ ಹೇಳಿದ್ದನ್ನು ಹೇಳಿದಂತೆಯೇ ಒತ್ತುತ್ತಾನೆ.